ಮಳೆಹನಿಗೆ ಬಟ್ಟಲು ಒಡ್ಡಿ ಕೂತ ಗಿಡ

ಹೂಕುಂಡದ ಮಣ್ಣು ತುಂಬಾ ದಿನ ಒದ್ದೆಯಾಗೇ ಇದ್ರೆ ಅದರ ಮೇಲೆ ಹಸಿರು ರಿಬ್ಬನ್ ಚೂರುಗಳನ್ನ ಯಾರೋ ಅಂಟಿಸಿ ಹೋದ ಹಾಗೆ ಒಂದು ಗಿಡ ಹಬ್ಬಿಕೊಳ್ಳತ್ತೆ. ಎಲೆ ಇಲ್ಲ, ಕಾಂಡ ಇಲ್ಲ, ನಿಜವಾದ ಬೇರು ಕೂಡ ಇಲ್ಲ, ಪಾಚಿ ಇರಬೇಕು ಅಂತ ಎಲ್ರೂ ಕೆರೆದು ಬಿಸಾಕ್ತಾರೆ. ಅದರ ಹೆಸರು ಮಾರ್ಕಾಂಶಿಯ ಪಾಲಿಮಾರ್ಫ, ಲಿವರ್‌ವರ್ಟ್ ಅನ್ನೋ ಗುಂಪಿಗೆ ಸೇರಿದ್ದು. ಈ ಗುಂಪಿನ ಕೆಲವು ಗಿಡಗಳು ನೋಡೋಕೆ ಲಿವರ್ ಥರ ಇವೆ, ಹಾಗಾಗಿ ಲಿವರ್ ಕಾಯಿಲೆಗೆ ಮದ್ದಾಗ್ತವೆ ಅಂತ ಯುರೋಪಿನಲ್ಲಿ ಹಿಂದಿನವರು ನಂಬಿದ್ರು, ಹೆಸರು ಬಂದಿದ್ದು ಅಲ್ಲಿಂದ.

ಬಿಸಾಕೋ ಮುಂಚೆ ದಯವಿಟ್ಟು ಒಂದ್ಸಲ ಲೆನ್ಸ್ ಹಿಡಿದು ನೋಡಿ. ರಿಬ್ಬನ್ ಮೇಲೆ ಅಲ್ಲಲ್ಲಿ ಪುಟ್ಟ ಪುಟ್ಟ ಬಟ್ಟಲು ಕಾಣತ್ತೆ, ಅಂಚೆಲ್ಲ ಗರಗಸದ ಹಲ್ಲಿನ ಹಾಗೆ, ಒಳಗೆ ಸಾಸಿವೆಗಿಂತ ಸಣ್ಣ ಹಸಿರು ಬಿಲ್ಲೆಗಳು. ಇವಕ್ಕೆ ಜೆಮ್ಮಾ ಅಂತಾರೆ. ಬೀಜ ಅಲ್ಲ, ತಾಯಿ ಗಿಡದ್ದೇ ತದ್ರೂಪಿ ಮರಿಗಳು. ಮಳೆಹನಿ ಬಟ್ಟಲಿಗೆ ಸರಿಯಾಗಿ ಬಿತ್ತು ಅಂದ್ರೆ ನೀರು ಚಿಮ್ಮಿ ಅದರ ಜೊತೆ ಬಿಲ್ಲೆಗಳೂ ಹಾರಿ ದೂರ ಹೋಗಿ ಬೀಳ್ತವೆ. ಬಟ್ಟಲಲ್ಲಿ ಇರೋವಾಗ ನೀರು ಬೆಳಕು ಎರಡೂ ಇದ್ರೂ ಅವು ಮೊಳೆಯಲ್ಲ, ಯಾಕಂದ್ರೆ ತಾಯಿ ಗಿಡದಿಂದ ಬರೋ ಆಕ್ಸಿನ್ ಹಾರ್ಮೋನ್ ತಡೆದಿಟ್ಟಿರತ್ತೆ, ಆಚೆ ಬಿದ್ದ ಮೇಲೇ ಬೆಳವಣಿಗೆ ಶುರು.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಮುಂದಿನ ಸಂಗತಿ. ಈ ಬಿಲ್ಲೆಗೆ ಮೇಲೆ ಕೆಳಗೆ ಅನ್ನೋದೇ ಇಲ್ಲ, ಎರಡು ಮುಖಾನೂ ಒಂದೇ ಥರ. ಹೇಗೆ ಬಿದ್ರೂ ಬೆಳಕು ಬೀಳೋ ಮುಖ ಬೆನ್ನಾಗತ್ತೆ, ಮಣ್ಣಿಗೆ ತಾಗೋ ಮುಖದಿಂದ ಕೂದಲಿನಂಥ ಎಳೆಗಳು ಇಳೀತವೆ, ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಒಮ್ಮೆ ಹೀಗೆ ತೀರ್ಮಾನ ಆದ್ರೆ ಆಮೇಲೆ ಮಗುಚಿ ಹಾಕಿದ್ರೂ ಬದಲಾಗಲ್ಲ. ಬಿಲ್ಲೆಯ ಎರಡು ಪಕ್ಕದಲ್ಲಿ ಒಂದೊಂದು ಕಚ್ಚು ಇರತ್ತೆ, ಬೆಳೆಯೋದು ಅಲ್ಲಿಂದಾನೇ, ಪ್ರತಿ ಕಚ್ಚು ಎರಡಾಗಿ ಅದು ಮತ್ತೆ ಎರಡಾಗಿ ಕವಲೊಡೀತಾ ಹೋಗತ್ತೆ, ನಡುವಿನ ಹಳೇ ಭಾಗ ಕೊಳೆತು ಹೋದಾಗ ಕವಲುಗಳೇ ಬೇರೆ ಬೇರೆ ಗಿಡ ಆಗಿಬಿಡ್ತವೆ.

ಒದ್ದೆ ಜಾಗಾನೇ ಯಾಕೆ ಬೇಕು ಅಂದ್ರೆ, ಬೆನ್ನ ಮೇಲೆ ಕಾಣೋ ಸಣ್ಣ ಚುಕ್ಕಿಗಳನ್ನ ನೋಡಿ, ಅವು ಗಾಳಿ ಹೋಗೋ ರಂಧ್ರಗಳು, ಪೀಪಾಯಿ ಆಕಾರದವು. ಬೇರೆ ಗಿಡಗಳ ಎಲೆರಂಧ್ರ ಬಿಸಿಲು ಜಾಸ್ತಿ ಆದ್ರೆ ಮುಚ್ಕೊಳ್ಳತ್ತೆ, ಇವು ಹಾಗೆ ಮುಚ್ಚಲ್ಲ, ನೀರು ಆವಿಯಾಗಿ ಹೋಗ್ತಾನೇ ಇರತ್ತೆ. ಹಾಗಾಗಿ ಹಳ್ಳದ ದಂಡೆ, ತೇವದ ಗೋಡೆ ಬುಡ, ನೆರಳಿನ ಬಂಡೆ ಇಂಥ ಕಡೆ ಜಾಸ್ತಿ. ಅಚ್ಚರಿ ಅಂದ್ರೆ ಬೆಂಕಿ ಬಿದ್ದು ಸುಟ್ಟ ನೆಲದಲ್ಲೂ ಮೊದಲು ಬರೋ ಗಿಡಗಳಲ್ಲಿ ಇದೂ ಒಂದು, ಬೂದಿಯಲ್ಲಿ ಪೋಷಕಾಂಶ ಇರತ್ತೆ, ಪೈಪೋಟಿಗೆ ಬೇರೆ ಗಿಡ ಇರಲ್ಲ.

ಗಂಡು ಹೆಣ್ಣು ಬೇರೆ ಬೇರೆ ಗಿಡ. ಗಂಡಿನ ಮೇಲೆ ಚಪ್ಪಟೆ ತಟ್ಟೆ ಇಟ್ಟ ಕೋಲು, ಹೆಣ್ಣಿನ ಮೇಲೆ ಬೆರಳು ಚಾಚಿದ ಪುಟಾಣಿ ಕೊಡೆ. ಗಂಡಿನ ವೀರ್ಯಾಣು ನೀರಲ್ಲಿ ಈಜಿಕೊಂಡೇ ಹೋಗ್ಬೇಕು, ಅಲ್ಲೂ ಮಳೆಯೇ ಬೇಕು.

ನಮ್ಮ ಕಣ್ಣಿಗೆ ಕಾಣೋ ಈ ಗಿಡದ ಜೀವಕೋಶದಲ್ಲಿ ಕ್ರೋಮೋಸೋಮ್ ಒಂದೇ ಸೆಟ್, ಒಟ್ಟು 9. ಹಾಗಾಗಿ ಒಂದು ಜೀನ್ ಕೆಡಿಸಿದ್ರೆ ಅದನ್ನ ಮುಚ್ಚಿಹಾಕೋಕೆ ಇನ್ನೊಂದು ಪ್ರತಿ ಇರಲ್ಲ, ಪರಿಣಾಮ ನೇರವಾಗಿ ಕಾಣತ್ತೆ. 2017ರಲ್ಲಿ ಇದರ ಜೀನೋಮ್ ಪ್ರಕಟ ಆಯ್ತು, ಸುಮಾರು 19 ಸಾವಿರ ಜೀನ್. ನೆಲಕ್ಕೆ ಬಂದ ಮೊದಲ ಗಿಡಗಳು ಹೇಗಿದ್ದವು ಅಂತ ಹುಡುಕೋರಿಗೆ ಈಗ ಇದು ಬಹಳ ಬೇಕಾದ ಗಿಡ.

ಕುಂಡಕ್ಕೆ ಮೇಲಿಂದ ಶವರ್ ಥರ ನೀರು ಹಾಕೋರು ಗಮನಿಸಿ, ಬಟ್ಟಲಿಗೆ ಮಳೆಹನಿಯೂ ಒಂದೇ, ನಿಮ್ಮ ಶವರ್ ಹನಿಯೂ ಒಂದೇ, ಪಕ್ಕದ ಕುಂಡಕ್ಕೆ ಬಿಲ್ಲೆ ಹಾರೋದು ಹಾಗೇ. ಕೆರೆದು ತೆಗೆದಾಗ ಉಳಿದ ಸಣ್ಣ ಚೂರೂ ಮತ್ತೆ ಚಿಗುರತ್ತೆ. ನಿಜವಾಗ್ಲೂ ಬೇಡ ಅಂದ್ರೆ ಮೇಲ್ಮಣ್ಣು ಒಣಗೋಕೆ ಬಿಡಿ.