ವಾಲ್ವ್ ಕೊಳ್ಳುವ ಮುನ್ನ ವೋಲ್ಟೇಜ್ ಅಳೆಯಿರಿ

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಭರದಿಂದ ನಡೆಯುತ್ತಿದ್ದ ಕಾಲದ ಮನೆಗಳ ಪಡಸಾಲೆಯಲ್ಲಿ ಗಾಜಿನ ನಳಿಗೆಯಂಥ ವಾಲ್ವುಗಳಿಂದ ನಡೆಯುವ ರೇಡಿಯೊವೋ, ರೆಕಾರ್ಡ್ ಪ್ಲೇಯರನ್ನೂ ಒಳಗೊಂಡ ರೇಡಿಯೊಗ್ರಾಮೋ ಇನ್ನೂ ಉಳಿದಿರುವುದುಂಟು. ಅದರ ಜೊತೆಗೆ, ಹಿಂದೂಸ್ತಾನಿ ಗಾಯನವನ್ನು ಒಳ್ಳೆಯ ದನಿಯಲ್ಲಿ ಕೇಳಬೇಕೆಂದು ವಾಲ್ವ್ ಆಂಪ್ಲಿಫೈಯರನ್ನು ಹೊಸದಾಗಿ ಕೊಂಡವರೂ, ತಾವೇ ಕೂತು ಜೋಡಿಸಿಕೊಂಡವರೂ ನಮ್ಮ ನಡುವೆ ಇದ್ದಾರೆ. ಈ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಒಂದೇ: ವಾಲ್ವ್ ಸವೆದಿದೆ, ಬದಲಿಗೆ ಯಾವುದನ್ನು ಹಾಕಬೇಕು? ಕೇಳಿದರೆ ಉತ್ತರವಾಗಿ ಸಿಗುವುದು ಬಹುಮಟ್ಟಿಗೆ ಕಂಪನಿಗಳ ಹೆಸರುಗಳು. ಕಂಪನಿ ಕೊನೆಗೆ ಯೋಚಿಸಬೇಕಾದ ವಿಷಯ ಎಂಬುದು ನನ್ನ ಖಚಿತ ಅಭಿಪ್ರಾಯ. ಆಂಪ್ಲಿಫೈಯರು ವಾಲ್ವಿಗೆ ಎಂಥ ಸ್ಥಿತಿಯನ್ನು ಒದಗಿಸುತ್ತಿದೆ ಎಂಬುದನ್ನು ಅಳೆದು ನೋಡದೆ ಎಷ್ಟೇ ದುಬಾರಿ ವಾಲ್ವ್ ತಂದು ಹಾಕಿದರೂ ಅದು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ವಾಲ್ವ್ ಸವೆಯುವುದು ಹೇಗೆಂಬುದನ್ನು ಮೊದಲು ನೋಡೋಣ. ಗಾಳಿ ತೆಗೆದ ಗಾಜಿನ ನಳಿಗೆಯ ನಡುವೆ ನಿಕ್ಕಲ್ ಲೋಹದ ಸಣ್ಣ ಕೊಳವೆಯೊಂದಿದ್ದು, ಅದರ ಮೈಗೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡುಗಳ ಬಿಳಿ ಲೇಪವಿರುತ್ತದೆ, ಇದು ಕ್ಯಾಥೋಡ್. ಒಳಗಿನ ಹೀಟರ್ ತಂತಿಯು ಇದನ್ನು ಸುಮಾರು 750 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಲೇಪದಿಂದ ಎಲೆಕ್ಟ್ರಾನುಗಳು ಹೊರಬಿದ್ದು, ಹೆಚ್ಚಿನ ಧನ ವೋಲ್ಟೇಜ್ ಹೊತ್ತಿರುವ ಹೊರಗಿನ ಪ್ಲೇಟಿನ ಕಡೆಗೆ ಹರಿಯುತ್ತವೆ. ಎರಡರ ನಡುವೆ ಗ್ರಿಡ್ ಎಂಬ ಸುರುಳಿ ತಂತಿ ಇರುತ್ತದೆ. ಭದ್ರಾ ನಾಲೆಯ ತೂಬನ್ನು ನೀರುಗಂಟಿ ತುಸುವೇ ತಿರುಗಿಸಿದರೂ ಗದ್ದೆಗೆ ಹೋಗುವ ನೀರು ಬಹಳಷ್ಟು ಬದಲಾಗುವ ಹಾಗೆ, ಗ್ರಿಡ್ಡಿನ ಮೇಲಿನ ವೋಲ್ಟೇಜು ಸ್ವಲ್ಪ ಏರಿಳಿದರೆ ಪ್ಲೇಟಿನ ಪ್ರವಾಹ ದೊಡ್ಡದಾಗಿ ಏರಿಳಿಯುತ್ತದೆ. ಫ್ಲೆಮಿಂಗ್ 1904ರಲ್ಲಿ ಮಾಡಿದ ವಾಲ್ವಿನಲ್ಲಿ ಗ್ರಿಡ್ ಇರಲಿಲ್ಲ. 1906ರ ಸುಮಾರಿಗೆ ಲೀ ಡಿ ಫಾರೆಸ್ಟ್ ಅದನ್ನು ಸೇರಿಸಿದ ಮೇಲೆಯೇ ದನಿಯನ್ನು ಹಿಗ್ಗಿಸುವುದು ಸಾಧ್ಯವಾಯಿತು. ಕಾಲ ಕಳೆದಂತೆ ಕ್ಯಾಥೋಡಿನ ಮೇಲಿನ ಬೇರಿಯಂ ಆವಿಯಾಗುತ್ತಾ ಹೋಗುತ್ತದೆ, ಎಲೆಕ್ಟ್ರಾನುಗಳು ಹೊರಬೀಳುವುದು ಕಡಿಮೆಯಾಗುತ್ತದೆ, ದನಿ ಸೊರಗುತ್ತದೆ. ಸಣ್ಣ ಸಂಕೇತಗಳನ್ನು ನೋಡಿಕೊಳ್ಳುವ ಮುಂಭಾಗದ ವಾಲ್ವುಗಳು ಸಾಮಾನ್ಯವಾಗಿ ಹತ್ತು ಸಾವಿರ ಗಂಟೆಯವರೆಗೂ ಬಾಳುತ್ತವೆ. ಸ್ಪೀಕರನ್ನು ನಡೆಸುವ ಪವರ್ ವಾಲ್ವುಗಳ ಆಯುಸ್ಸು ಕೆಲವು ಸಾವಿರ ಗಂಟೆ. ಆದ್ದರಿಂದ ದನಿ ಕುಂದಿತೆಂದು ಎಲ್ಲ ವಾಲ್ವುಗಳನ್ನೂ ಒಟ್ಟಿಗೆ ಎಸೆಯುವುದು ಅನಗತ್ಯ ಖರ್ಚು.

ಮನೆ ಬಳಕೆಯ ಆಂಪ್ಲಿಫೈಯರುಗಳಲ್ಲಿ ಹೆಚ್ಚಾಗಿ ಕಾಣುವ ಜೋಡಿಯೆಂದರೆ ಮುಂಭಾಗದಲ್ಲಿ ಇಸಿಸಿ83, ಹಿಂಭಾಗದಲ್ಲಿ ಇಎಲ್84. ಯುರೋಪಿನ ಈ ಹೆಸರುಗಳಲ್ಲಿ ‘ಇ’ ಎಂದರೆ 6.3 ವೋಲ್ಟ್ ಹೀಟರ್, ‘ಸಿ’ ಎಂದರೆ ಟ್ರಯೋಡ್ (ಕ್ಯಾಥೋಡ್, ಗ್ರಿಡ್, ಪ್ಲೇಟ್ ಎಂಬ ಮೂರು ಭಾಗಗಳದ್ದು), ‘ಎಲ್’ ಎಂದರೆ ಪವರ್ ಪೆಂಟೋಡ್ (ಇನ್ನೆರಡು ಗ್ರಿಡ್ ಸೇರಿ ಐದು ಭಾಗಗಳದ್ದು). 80ರ ಸಾಲಿನ ಅಂಕಿಗಳು ಒಂಬತ್ತು ಪಿನ್ನಿನ ಸಾಕೆಟ್ಟನ್ನು ಸೂಚಿಸುತ್ತವೆ. ಅಮೆರಿಕದ ಕ್ರಮದಲ್ಲಿ ಇವೇ ವಾಲ್ವುಗಳಿಗೆ 12ಎಎಕ್ಸ್7 ಮತ್ತು 6ಬಿಕ್ಯೂ5 ಎಂಬ ಹೆಸರುಗಳಿವೆ, ಅಂಗಡಿಯವರು ಎರಡರಲ್ಲಿ ಯಾವುದನ್ನು ಹೇಳಿದರೂ ವಸ್ತು ಒಂದೇ. ಇಸಿಸಿ81, 82, 83 ಮೂರೂ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ, ಪಿನ್ನುಗಳ ಜೋಡಣೆಯೂ ಒಂದೇ. ಹಾಗೆಂದು ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. ಇಸಿಸಿ83ರ ವರ್ಧನಾಂಕ, ಅಂದರೆ ಸಂಕೇತವನ್ನು ಹಿಗ್ಗಿಸುವ ಶಕ್ತಿಯ ಅಳತೆ, 100, ಇಸಿಸಿ81ರದು 60ರ ಆಸುಪಾಸು, ಇಸಿಸಿ82ರದು 20ಕ್ಕಿಂತಲೂ ಕಡಿಮೆ. 83ರ ಜಾಗದಲ್ಲಿ 82 ಕೂರಿಸಿದಾಗ, ದನಿಯನ್ನು ಹಿಂದಕ್ಕೆ ಕೊಟ್ಟು ತಿದ್ದುವ ಫೀಡ್‌ಬ್ಯಾಕ್ ವ್ಯವಸ್ಥೆಯಿರುವ ಆಂಪ್ಲಿಫೈಯರಿನಲ್ಲಿ ಶಬ್ದ ಅಷ್ಟೇನೂ ಇಳಿದಂತೆ ತೋರುವುದಿಲ್ಲ. ಆದರೆ ತಿದ್ದಲು ಇದ್ದ ಹೆಚ್ಚುವರಿ ವರ್ಧನೆ ಕರಗಿಹೋಗಿ ವಿಕೃತಿ ಏರಿರುತ್ತದೆ. ಅನೇಕರು ಇದನ್ನೇ ಮೃದುವಾದ ದನಿ ಎಂದು ಮೆಚ್ಚಿಕೊಳ್ಳುತ್ತಾರೆ. ರಷ್ಯಾದ 6ಎನ್2ಪಿ ಎಂಬ ವಾಲ್ವ್ ಗುಣದಲ್ಲಿ ಇಸಿಸಿ83ಕ್ಕೆ ಹತ್ತಿರವಿದ್ದರೂ ಅದರ ಹೀಟರಿನ ಪಿನ್ನುಗಳ ಜೋಡಣೆ ಬೇರೆ. ವೈರಿಂಗ್ ಬದಲಿಸದೆ ಅದನ್ನು ಹಾಕಬಾರದು. ಅದೇ ದೇಶದ 6ಪಿ14ಪಿ ಮಾತ್ರ ಇಎಲ್84ರ ಜಾಗಕ್ಕೆ ನೇರವಾಗಿ ಹೊಂದುತ್ತದೆ, ಗಟ್ಟಿಮುಟ್ಟಾದ ವಾಲ್ವ್ ಕೂಡ.

ಈಗ ನಮ್ಮ ಕಡೆಯವರಿಗೆ ಬಹಳ ಮುಖ್ಯವಾದ, ಯುರೋಪು ಅಮೆರಿಕದ ಸಲಹೆಗಾರರು ಅಷ್ಟಾಗಿ ಗಮನಿಸದ ವಿಷಯಕ್ಕೆ ಬರೋಣ. ಹಳೆಯ ಯುರೋಪಿಯನ್ ಆಂಪ್ಲಿಫೈಯರುಗಳ ಟ್ರಾನ್ಸ್‌ಫಾರ್ಮರನ್ನು ಎಷ್ಟೋ ವೇಳೆ 220 ವೋಲ್ಟಿಗೆ ಸುತ್ತಿರುತ್ತಾರೆ. ನಮ್ಮ ದೇಶದಲ್ಲಿ ಈಗ ನಿಗದಿಯಾಗಿರುವ ವೋಲ್ಟೇಜು 230. ಅದೂ ದಿನವಿಡೀ ಒಂದೇ ಸಮನಿರುವುದಿಲ್ಲ. ಚಿತ್ರದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಅಡಕೆ ತೋಟ, ಈರುಳ್ಳಿ ಹೊಲಗಳ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಮನೆಯ ಬಲ್ಬು ಮಂಕಾಗುವುದನ್ನೂ, ರಾತ್ರಿ ಹೊರೆ ಇಳಿದ ಮೇಲೆ ಅದೇ ಬಲ್ಬು ಪ್ರಖರವಾಗುವುದನ್ನೂ ಎಲ್ಲರೂ ಕಂಡಿದ್ದಾರೆ. ವಾಲ್ವಿಗೆ ಇದರ ಅರ್ಥವೇನೆಂದು ಲೆಕ್ಕ ಹಾಕಿ. ಸಾಕೆಟ್ಟಿನಲ್ಲಿ 245 ವೋಲ್ಟ್ ಬಂದರೆ 220ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರು ಹೀಟರಿಗೆ 6.3ರ ಬದಲು ಸುಮಾರು 7 ವೋಲ್ಟ್ ಕೊಡುತ್ತದೆ. ಹೀಟರ್ ವೋಲ್ಟೇಜು ಶೇಕಡಾ 10ಕ್ಕಿಂತ ಹೆಚ್ಚು ಆಚೀಚೆ ಆಗಬಾರದೆಂಬುದು ವಾಡಿಕೆಯ ಮಿತಿ, 6.3ಕ್ಕೆ ಶೇಕಡಾ 10 ಸೇರಿಸಿದರೆ 6.93. ಅಂದರೆ ರಾತ್ರಿ ನೆಮ್ಮದಿಯಾಗಿ ಕುಳಿತು ಸಂಗೀತ ಕೇಳುವ ಹೊತ್ತಿನಲ್ಲಿಯೇ ಮಿತಿ ಮೀರಿರುತ್ತದೆ.

ಹೀಟರ್ ಹೆಚ್ಚು ಕಾದಾಗ ಆಗುವ ಹಾನಿ ಎರಡು ಬಗೆಯದು. ಬೇರಿಯಂ ಬೇಗ ಆವಿಯಾಗಿ ಕ್ಯಾಥೋಡ್ ಬರಿದಾಗುವುದು ಒಂದು. ಹಾಗೆ ಆವಿಯಾದ ಬೇರಿಯಂ ಹತ್ತಿರದ ಗ್ರಿಡ್ಡಿನ ಮೇಲೆ ಕೂತು, ಬಿಸಿಯಾದ ಗ್ರಿಡ್ಡೇ ಎಲೆಕ್ಟ್ರಾನುಗಳನ್ನು ಉಗುಳಲು ತೊಡಗುವುದು ಇನ್ನೊಂದು. ಆಗ ಗ್ರಿಡ್ಡಿನ ಋಣ ವೋಲ್ಟೇಜು ತಗ್ಗಿ, ಪ್ಲೇಟಿನ ಪ್ರವಾಹ ಏರಿ, ಬಿಸಿ ಮತ್ತಷ್ಟು ಹೆಚ್ಚಿ, ಕೊನೆಗೆ ವಾಲ್ವ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ವೋಲ್ಟೇಜು ತೀರ ಇಳಿದರೂ ಒಳ್ಳೆಯದಲ್ಲ. ಕ್ಯಾಥೋಡ್ ಸಾಕಷ್ಟು ಕಾಯದಿದ್ದರೆ ಒಳಗುಳಿದ ಅನಿಲದ ಕಣಗಳು ಲೇಪವನ್ನು ಕೆಡಿಸುತ್ತವೆ. ಪರಿಹಾರ ಕಷ್ಟದ್ದಲ್ಲ. ಆಂಪ್ಲಿಫೈಯರಿನ ಹಿಂದೆ 220, 230, 240ರ ಆಯ್ಕೆಯಿದ್ದರೆ 240ಕ್ಕೆ ತಿರುಗಿಸಿ. ಇಲ್ಲದಿದ್ದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಒಳ್ಳೆಯ ಸರ್ವೊ ಸ್ಟೆಬಿಲೈಜರ್ ಹಾಕಿಸಿ. ಹೀಟರ್ ಸಾಲಿನಲ್ಲಿ ಸಣ್ಣ ರೆಸಿಸ್ಟರ್ ಸೇರಿಸುವುದೂ ಒಂದು ದಾರಿ: ಉದಾಹರಣೆಗೆ, ನಾಲ್ಕು ಇಎಲ್84 ತಲಾ 0.76 ಆಂಪಿಯರ್, ಎರಡು ಇಸಿಸಿ83 ತಲಾ 0.3 ಆಂಪಿಯರ್ ಎಳೆಯುತ್ತವೆ, ಒಟ್ಟು 3.64 ಆಂಪಿಯರ್; 0.6 ವೋಲ್ಟ್ ಇಳಿಸಲು 0.16 ಓಮ್ ಸಾಕು, ಅದು ಎರಡು ವ್ಯಾಟಿಗಿಂತ ತುಸು ಹೆಚ್ಚು ಬಿಸಿಯಾಗುವುದರಿಂದ 5 ವ್ಯಾಟಿನದನ್ನು ಹಾಕಬೇಕು. ಆದರೆ ಪ್ಲೇಟಿಗೆ ಹೋಗುವ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರಿರುತ್ತದೆ, ಅದನ್ನು ಈ ರೆಸಿಸ್ಟರ್ ಇಳಿಸುವುದಿಲ್ಲ. ಆದ್ದರಿಂದ ನನ್ನ ಒಲವು ಸ್ಟೆಬಿಲೈಜರಿನ ಕಡೆಗೆ.

ಇನ್ನು ಪವರ್ ವಾಲ್ವಿನ ಮೇಲೆ ಬೀಳುವ ಹೊರೆಯನ್ನು ಅಳೆಯುವ ಬಗೆ. ಇಎಲ್84ರ ಪ್ಲೇಟು 12 ವ್ಯಾಟಿಗಿಂತ ಹೆಚ್ಚು ಶಾಖವನ್ನು ತಾಳಲಾರದು. ಪ್ರತಿ ವಾಲ್ವಿನ ಕ್ಯಾಥೋಡಿಗೆ 270 ಓಮಿನ ರೆಸಿಸ್ಟರ್ ಇದ್ದು, ಅದರ ಮೇಲೆ 10.3 ವೋಲ್ಟ್ ಸಿಕ್ಕಿತೆಂದುಕೊಳ್ಳೋಣ. ಭಾಗಿಸಿದರೆ 38 ಮಿಲಿಆಂಪಿಯರ್. ಇದರಲ್ಲಿ ಪೆಂಟೋಡಿನ ಎರಡನೇ ಗ್ರಿಡ್ಡಾದ ಸ್ಕ್ರೀನ್ ಗ್ರಿಡ್ಡಿನ ಪಾಲು ಸುಮಾರು 4 ಎಂದು ಕಳೆದರೆ ಪ್ಲೇಟಿಗೆ 34. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 300 ವೋಲ್ಟ್ ಇದ್ದರೆ ಶಾಖ 10.2 ವ್ಯಾಟ್, ಇದು ಮಿತಿಯೊಳಗಿದೆ. ಜೋಡಿ ವಾಲ್ವುಗಳು ಎದುರುಬದುರಾಗಿ ದುಡಿಯುವ ಪುಶ್‌ಪುಲ್ ಆಂಪ್ಲಿಫೈಯರಿನಲ್ಲಿ ಎರಡರ ಪ್ರವಾಹವೂ ಹತ್ತಿರ ಹತ್ತಿರ ಸಮನಾಗಿರಬೇಕು. ವಾಲ್ವುಗಳ ದನಿಯನ್ನು ಸ್ಪೀಕರಿಗೆ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಎರಡೂ ಕಡೆಯ ನೇರ (ಡಿಸಿ) ಪ್ರವಾಹಗಳು ಒಂದನ್ನೊಂದು ರದ್ದುಗೊಳಿಸುತ್ತವೆ. ಸಮತೋಲ ತಪ್ಪಿದರೆ ಉಳಿದ ಪ್ರವಾಹ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳನ್ನು ಕಾಂತೀಕರಿಸುತ್ತದೆ, ತಬಲಾದ ಎಡಗೈಯ ಗುಮಕಿ ಸಡಿಲವಾಗುತ್ತದೆ, ಗುಂಯ್‌ಗುಡುವ ಸದ್ದು ಮೇಲೇಳುತ್ತದೆ. ಅದಕ್ಕಾಗಿ ಜೋಡಿ ಹೊಂದಿಸಿದ ವಾಲ್ವುಗಳಿಗೆ ಸ್ವಲ್ಪ ಹೆಚ್ಚು ಹಣ ತೆರುವುದು ಸಾರ್ಥಕ.

ಹಳೆಯ ವಾಲ್ವಿನ ಪ್ಲೇಟು ಕೆಂಪಗೆ ಹೊಳೆಯುತ್ತಿತ್ತೆಂದು ಹೊಸದನ್ನು ತರಲು ಹೊರಟವರು ಒಂದು ಪರೀಕ್ಷೆ ಮಾಡಲೇಬೇಕು. ಮುಂಭಾಗದ ವಾಲ್ವಿನಿಂದ ಪವರ್ ವಾಲ್ವಿನ ಗ್ರಿಡ್ಡಿಗೆ ದನಿಯನ್ನು ದಾಟಿಸುವ ಕಪ್ಲಿಂಗ್ ಕೆಪಾಸಿಟರು ಹಳತಾದಾಗ ನೇರ ವೋಲ್ಟೇಜನ್ನೂ ಸೋರಿಸುತ್ತದೆ. ಗ್ರಿಡ್ಡಿಗೆ 470 ಕಿಲೊಓಮಿನ ರೆಸಿಸ್ಟರ್ ಇದ್ದರೆ ಬರೀ 5 ಮೈಕ್ರೊಆಂಪಿಯರ್ ಸೋರಿಕೆ 2.3 ವೋಲ್ಟಿಗಿಂತ ಹೆಚ್ಚಿನ ಧನ ವೋಲ್ಟೇಜನ್ನು ತಂದಿಡುತ್ತದೆ. ಇಎಲ್84ರ ಗ್ರಿಡ್ಡು 1 ವೋಲ್ಟ್ ಸರಿದರೆ ಪ್ಲೇಟಿನ ಪ್ರವಾಹ 11 ಮಿಲಿಆಂಪಿಯರಿನಷ್ಟು ಸರಿಯುತ್ತದೆ. ಕ್ಯಾಥೋಡ್ ರೆಸಿಸ್ಟರ್ ಇದನ್ನು ಸಾಕಷ್ಟು ತಗ್ಗಿಸಿದರೂ ಪೂರ್ತಿ ತಡೆಯಲಾರದು. ಎರಡನೇ ಪಿನ್ನಿನಲ್ಲಿ, ಅಂದರೆ ಗ್ರಿಡ್ಡಿನಲ್ಲಿ, ಧನ ವೋಲ್ಟೇಜು ಕಂಡುಬಂದರೆ ಆಂಪ್ಲಿಫೈಯರನ್ನು ಆರಿಸಿ, ಪವರ್ ವಾಲ್ವನ್ನು ತೆಗೆದು, ಸ್ವಲ್ಪ ಹೊತ್ತಿಗೆ ಮಾತ್ರ ಮತ್ತೆ ಹಚ್ಚಿ ಅಳೆಯಬೇಕು. ವೋಲ್ಟೇಜು ಮಾಯವಾಗಿದ್ದರೆ ದೋಷ ವಾಲ್ವಿನದು. ಹಾಗೆಯೇ ನಿಂತಿದ್ದರೆ ಕೆಪಾಸಿಟರಿನದು, ಅದನ್ನು ಬದಲಿಸದೆ ಹೊಸ ವಾಲ್ವ್ ಹಾಕಬಾರದು. ಈ ಅಳತೆಗಳೆಲ್ಲ 300 ವೋಲ್ಟಿಗೂ ಮೇಲ್ಪಟ್ಟ ನೇರ ವೋಲ್ಟೇಜಿನ ನೆರೆಯಲ್ಲಿ ನಡೆಯುವಂಥವು. ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರುಗಳು ಆ ವೋಲ್ಟೇಜನ್ನು ಹಿಡಿದಿಟ್ಟುಕೊಂಡಿರುತ್ತವೆ, ಅದು ಪ್ರಾಣವನ್ನೇ ತೆಗೆಯಬಲ್ಲದು. ಅಭ್ಯಾಸವಿಲ್ಲದವರು ರಿಪೇರಿಯವರಿಂದಲೇ ಮಾಡಿಸಬೇಕು.

ಇಷ್ಟಾದ ಮೇಲೆ ಕಂಪನಿಯ ಮಾತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಅದರ ಬಿಇಎಲ್ ಮುದ್ರೆಯ ವಾಲ್ವುಗಳು, ಜಾತ್ರೆ ಮದುವೆ ನಾಟಕಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರ ಅಟ್ಟಗಳಲ್ಲಿ ಈಗಲೂ ಸಿಗುವುದುಂಟು, ಒಳ್ಳೆಯ ಸ್ಥಿತಿಯಲ್ಲಿದ್ದರೆ ಹೊರದೇಶದ ವಾಲ್ವಿಗಾಗಿ ಹಂಬಲಿಸಬೇಕಾಗಿಲ್ಲ. ಹೊಸ ವಾಲ್ವುಗಳು ಈಗ ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾದಿಂದ ಬರುತ್ತವೆ. ರಷ್ಯಾದ ಸರಾಟೋವ್ ನಗರದ ಒಂದೇ ಕಾರ್ಖಾನೆಯ ವಾಲ್ವುಗಳು ಮಲ್ಲಾರ್ಡ್, ಟಂಗ್‌ಸಾಲ್ ಮುಂತಾದ ಹಳೆಯ ಹೆಸರುಗಳನ್ನು ಹೊತ್ತು ಮಾರಾಟವಾಗುತ್ತವೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ತಯಾರಾದ ಹಳೆಯ ಮಲ್ಲಾರ್ಡಿಗೂ ಇವಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಹಳೆಯದೆಂದು ಹೇಳಿ ದೊಡ್ಡ ಬೆಲೆ ಕೇಳಿದರೆ ಗಾಜಿನ ಮೇಲಿನ ಬಣ್ಣದ ಮುದ್ರೆಯನ್ನು ನಂಬದೆ ಬುಡದ ಹತ್ತಿರದ ಮಸುಕು ಸಂಕೇತವನ್ನು ಹುಡುಕಿ. ಅದರ ಎರಡನೇ ಸಾಲು ಬ್ಲ್ಯಾಕ್‌ಬರ್ನಿನ ವಾಲ್ವಿನಲ್ಲಿ ಬಿ ಅಕ್ಷರದಿಂದ ಶುರುವಾಗುತ್ತದೆ.

ವಾಲ್ವನ್ನು ಬೆಳಕಿಗೆ ಹಿಡಿದರೆ ತಲೆಯ ಒಳಮೈಯಲ್ಲಿ ಕನ್ನಡಿಯಂಥ ಬೆಳ್ಳಿ ಮಚ್ಚೆ ಕಾಣುತ್ತದೆ. ಇದು ಗೆಟರ್, ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳಲೆಂದು ಆವಿ ಮಾಡಿ ಹಚ್ಚಿದ ಬೇರಿಯಂ. ಮಚ್ಚೆ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು. ಅಂಚು ಕಂದಾಗಿ ತೆಳ್ಳಗಾಗಿದ್ದರೆ ಸಾಕಷ್ಟು ದುಡಿದಿರುವ ಸಂಭವ ಹೆಚ್ಚು, ಆದರೂ ಮಚ್ಚೆಯ ಗಾತ್ರವೊಂದರಿಂದಲೇ ಆಯುಸ್ಸನ್ನು ಅಳೆಯಲಾಗದು. ಉರಿಯುವಾಗ ಗಾಜಿಗೆ ಅಂಟಿದಂತೆ ಕಾಣುವ ನೀಲಿ ಹೊಳಪಿಗೆ ಹೆದರಬೇಕಿಲ್ಲ, ಅದು ಎಲೆಕ್ಟ್ರಾನುಗಳು ಗಾಜಿಗೆ ಬಡಿಯುವುದರಿಂದ ಬರುವುದು. ಪ್ಲೇಟಿನೊಳಗೆ ನೇರಳೆ ಮಬ್ಬು ಕಂಡರೆ ಮಾತ್ರ ಅನಿಲ ಸೇರಿದೆ. ಇಸಿಸಿ83ನ್ನು ಕೊಳ್ಳುವಾಗ ಆಂಪ್ಲಿಫೈಯರಿಗೆ ಹಾಕಿಸಿ, ದನಿಯನ್ನು ತುಸು ಏರಿಸಿ, ಪೆನ್ಸಿಲಿನ ಹಿಂತುದಿಯಿಂದ ಗಾಜನ್ನು ಮೆಲ್ಲನೆ ತಟ್ಟಬೇಕು. ಸಣ್ಣಗೆ ಟಕ್ ಎಂದು ಸುಮ್ಮನಾದರೆ ಸರಿ. ಗಂಟೆ ಬಾರಿಸಿದಂತೆ ಸ್ಪೀಕರು ಮೊಳಗುತ್ತಾ ಉಳಿದರೆ ಒಳಗಿನ ಗ್ರಿಡ್ ಸಡಿಲವಾಗಿದೆ, ಅಂಥದ್ದು ಮೊದಲ ಹಂತಕ್ಕೆ ಬಾರದು.

ಹೊಸ ವಾಲ್ವ್ ಹಾಕುವ ದಿನ ಸಾಕೆಟ್ಟಿನ ಧೂಳು ತೆಗೆದು, ಪಿನ್ನುಗಳನ್ನು ಒರೆಸಿ, ಸ್ಪೀಕರ್ ಜೋಡಿಸಿದ್ದನ್ನು ಖಚಿತಪಡಿಸಿಕೊಂಡೇ ಸ್ವಿಚ್ ಹಾಕಬೇಕು. ಸ್ಪೀಕರಿಲ್ಲದೆ ದನಿ ಹಾಯಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಡಬಹುದು, ಅದರ ಬೆಲೆಯ ಮುಂದೆ ವಾಲ್ವಿನದು ಏನೂ ಅಲ್ಲ. ಏಪ್ರಿಲ್ ತಿಂಗಳ ನಮ್ಮೂರ ಸೆಕೆಯಲ್ಲಿ ಆಂಪ್ಲಿಫೈಯರನ್ನು ಗೋಡೆಯ ಬೀರುವಿನೊಳಗೆ ಇಡಬಾರದು, ಮೇಲೆ ಒಂದು ಗೇಣಾದರೂ ಬಯಲಿರಲಿ. ಅರ್ಧ ಗಂಟೆ ಕಾದ ಮೇಲೆ ಕ್ಯಾಥೋಡ್ ವೋಲ್ಟೇಜನ್ನು ಅಳೆದು, ಮತ್ತೆ ಕೆಲವು ದಿನಗಳ ಬಳಕೆಯ ನಂತರ ಅದನ್ನೇ ಇನ್ನೊಮ್ಮೆ ಅಳೆದು, ಎರಡು ಅಂಕಿಗಳನ್ನೂ ದಿನಾಂಕದೊಂದಿಗೆ, ಆ ಹೊತ್ತಿನ ಸಾಕೆಟ್ ವೋಲ್ಟೇಜಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ತಳದ ತಗಡಿನ ಹೊರಮೈಗೆ ಅಂಟಿಸಿ. ಮುಂದೆ ದನಿ ಕುಂದಿದಾಗ ಸಾಕೆಟ್ ವೋಲ್ಟೇಜು ಅಷ್ಟೇ ಇದ್ದು ಕ್ಯಾಥೋಡಿನ ಅಂಕಿ ಇಳಿದಿದ್ದರೆ ಸವೆದಿರುವುದು ವಾಲ್ವ್. ಅಂಕಿ ಹಾಗೆಯೇ ಇದ್ದರೆ ಹೊಸದನ್ನು ಕೊಳ್ಳುವ ಮುನ್ನ ದೋಷವನ್ನು ಬೇರೆಡೆ ಹುಡುಕಬೇಕು.