‘ಬೇಜಾರಾದ್ರೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೇನೆ’ ಅಂತ ಮಾತ್ರ ಹೇಳ್ಬೇಡಿ

ಡಿಸೆಂಬರ್ ಹತ್ತಿರ ಬಂದ್ರೆ ಮಂಗಳೂರು, ಉಡುಪಿ ಕಡೆಯ ಶಾಲೆಗಳ ಮೂರು, ನಾಲ್ಕು, ಐದನೇ ಕ್ಲಾಸಿನ ಮಕ್ಕಳ ಸಾಹಸ ಕ್ಯಾಂಪ್ ಶುರುವಾಗ್ತದೆ. ಎರಡು ರಾತ್ರಿಯದ್ದು, ಸೀತಾನದಿ ಕಡೆಗೋ ಆಗುಂಬೆ ಘಾಟಿ ಹತ್ತಿ ಮೇಲಕ್ಕೋ. ಮೊದಲು ನಾವು ಇನ್‌ಸ್ಟ್ರಕ್ಟರ್‌ಗಳು ಶಾಲೆಗೆ ಹೋಗಿ ಪೇರೆಂಟ್ಸ್ ಹತ್ರ ಮಾತಾಡ್ಲಿಕ್ಕುಂಟು. ಹಗ್ಗ ಗಟ್ಟಿ ಉಂಟಾ, ನದಿಗೆ ಇಳಿಸುವಾಗ ಲೈಫ್ ಜಾಕೆಟ್ ಹಾಕ್ತೀರಾ ಅಂತೆಲ್ಲ ಕೇಳ್ತಾರೆ, ಕೇಳ್ಲೇಬೇಕು. ಸ್ವೆಟರ್, ಟಾರ್ಚಿನ ಲಿಸ್ಟ್ ಶಾಲೆಯವರೇ ಕೊಡ್ತಾರೆ, ಅದನ್ನು ನಾನು ಪುನಃ ಬರಿಯುದಿಲ್ಲ.

ನನಗೆ ತಲೆಬಿಸಿ ಆಗುದು ಮೀಟಿಂಗ್ ಮುಗಿದು ಎಲ್ಲರೂ ಮೆಟ್ಟಿಲು ಇಳಿಯುವಾಗ. ಅಮ್ಮನೋ ಅಪ್ಪನೋ ಮಗುವಿನ ತಲೆ ಸವರಿ, "ನಿಂಗೆ ಅಲ್ಲಿ ಬೇಜಾರಾದ್ರೆ ಟೀಚರ್ ಹತ್ರ ಹೇಳಿ ಒಂದು ಫೋನ್ ಮಾಡು ಮಗಾ, ಎಷ್ಟೊತ್ತಿಗಾದ್ರೂ ಬಂದು ಕರ್ಕೊಂಡು ಬರ್ತೇನೆ" ಅಂತ ಹೇಳುದು ಕೇಳಿಸ್ತದೆ. ಪ್ರೀತಿಯಿಂದ್ಲೇ ಹೇಳುದು, ಗೊತ್ತುಂಟು. ಆದ್ರೆ ಮಾರಾಯ್ರೆ, ಮಗು ಕ್ಯಾಂಪಿನಲ್ಲಿ ನಿಲ್ಲದ ಹಾಗೆ ಮಾಡ್ಲಿಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಬೇರೆ ಇಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಪ್ರತಿ ವರ್ಷ ಹೇಳಿದ್ರೂ ಇದೊಂದು ತಲೆಗೆ ಹೋಗುದಿಲ್ಲ. ಮನೆ ನೆನಪು ಬಂದು ಅಳುದು ಕಾಯಿಲೆ ಅಲ್ಲ, ಎಂಟು ವರ್ಷದ ಮಗು ಮೊದಲ ಸಲ ಹೊರಗೆ ಮಲಗಿದ್ರೆ ಸ್ವಲ್ಪವಾದ್ರೂ ಆಗ್ತದೆ. ಅದು ಬರುದು ಹಗ್ಗ ಹಿಡಿದು ಬಂಡೆ ಇಳಿಯುವಾಗ ಅಲ್ಲ, ಆಗ ಪುರುಸೊತ್ತೇ ಇರುದಿಲ್ಲ, ರಾತ್ರಿ ಊಟ ಆಗಿ ಕಂಬಳಿ ಹೊದ್ದ ಮೇಲೆ, ಸ್ನಾನಕ್ಕೆ ಸಾಲು ನಿಂತಾಗ, ಹೀಗೆ ಕೈ ಖಾಲಿ ಇರುವ ಹೊತ್ತಿಗೆ. ಮೊದಲ ರಾತ್ರಿ ಜೋರು, ಎರಡನೇ ದಿನ ಮಧ್ಯಾಹ್ನಕ್ಕೆ ಹೆಚ್ಚಿನ ಮಕ್ಕಳಲ್ಲಿ ಇಳಿದಿರ್ತದೆ. ಆದ್ರೆ ಇಳಿಬೇಕಾದ್ರೆ ಮಗು ಒಂದು ಕೆಲಸ ಮಾಡ್ಬೇಕು, ಪಕ್ಕದ ಹುಡುಗನ ಹತ್ರ ಮಾತಾಡ್ಬೇಕು, ಟೀಚರ್ ಹತ್ರ ಹೋಗಿ ಕೂತ್ಕೊಳ್ಬೇಕು, ಅತ್ತು ಮುಗಿಸಿ ಮಲಗ್ಬೇಕು. ಅಪ್ಪ ಬರ್ತಾರೆ ಅಂತ ಗೊತ್ತಿರುವ ಮಗು ಇದ್ಯಾವುದೂ ಮಾಡುದಿಲ್ಲ, ಕಾಯ್ತಾ ಕೂರ್ತದೆ. ಮತ್ತೆ ಆ ಮಾತಿನಲ್ಲಿ ಇನ್ನೊಂದು ಅರ್ಥವೂ ಉಂಟು, "ನಿನ್ನಿಂದ ಆಗ್ಲಿಕ್ಕಿಲ್ಲ ಅಂತ ನಂಗೆ ಅನ್ನಿಸ್ತದೆ" ಅಂತ, ಮಕ್ಕಳಿಗೆ ಅದು ಸರಿಯಾಗಿ ಅರ್ಥ ಆಗ್ತದೆ.

ನಾನು ಒಬ್ಬನೇ ಹೇಳುದಲ್ಲ ಇದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಮನೆ ನೆನಪಿನ ಬಗ್ಗೆಯೇ ಒಂದು ವರದಿ ತಂದಿತ್ತು, ಬಂದು ಕರ್ಕೊಂಡು ಹೋಗ್ತೇವೆ ಅಂತ ಮೊದಲೇ ಮಾತು ಕೊಡ್ಬೇಡಿ ಅಂತ ಅದರಲ್ಲೂ ಉಂಟು.

ಒಂದು ಕ್ಯಾಂಪಿನಲ್ಲಿ ಆದದ್ದು ಹೇಳ್ತೇನೆ. ಮೂರನೇ ಕ್ಲಾಸಿನ ಒಂದು ಹುಡುಗಿ, ಎರಡು ಜಡೆ, ಬಾಯಿ ತುಂಬಾ ಮಾತು. ಹಗಲೆಲ್ಲ ಎಲ್ಲರಿಗಿಂತ ಮುಂದೆ. ಸಂಜೆ ಚಾ ಆಗುದೇ ತಡ, ಬ್ಯಾಗ್ ತುಂಬಿಸಿ ಶೂ ಹಾಕಿ ಗೇಟಿನ ಹತ್ರ ಕಲ್ಲಿನ ಮೇಲೆ ಕೂತಾಯ್ತು. ಎಂತ ಮಗಾ ಅಂತ ಕೇಳಿದ್ರೆ "ಪಪ್ಪ ಬರ್ತಾರೆ, ಪ್ರಾಮಿಸ್ ಮಾಡಿದ್ದಾರೆ." ಉಳಿದವರು ಅಂತ್ಯಾಕ್ಷರಿ ಹಾಡ್ತಾ ಇದ್ರು, ಇವಳಿಗೆ ರಸ್ತೆ ಮೇಲೇ ಕಣ್ಣು. ಅಲ್ಲಿ ನೆಟ್‌ವರ್ಕ್ ಇಲ್ಲ, ಪಪ್ಪನಿಗೆ ವಿಷಯವೇ ಗೊತ್ತಿಲ್ಲ, ಅವರು ಬಹುಶಃ ಮನೆಯಲ್ಲಿ ಮೀನು ಸಾರು ಊಟ ಮಾಡ್ತಾ ಇದ್ದರು. ಆ ರಾತ್ರಿ ಅವಳು ಅತ್ತದ್ದು ಮನೆ ನೆನಪಿಗೆ ಅಲ್ಲ, ಪಪ್ಪ ಸುಳ್ಳು ಹೇಳಿದ್ರು ಅಂತ.

ಹಾಗಾದ್ರೆ ಎಂತ ಹೇಳುದು? ಇದ್ದದ್ದು ಹೇಳಿ. "ರಾತ್ರಿ ಸ್ವಲ್ಪ ಬೇಜಾರಾಗ್ಬಹುದು, ಎಲ್ಲರಿಗೂ ಆಗ್ತದೆ, ಆಗ ಟೀಚರ್ ಹತ್ರ ಹೋಗಿ ಹೇಳು, ಶನಿವಾರ ಸಂಜೆ ಶಾಲೆಯ ಗೇಟಿನಲ್ಲಿ ನಾನಿರ್ತೇನೆ." ಅಷ್ಟೇ. "ನೀನಿಲ್ಲದೆ ನಂಗೆ ನಿದ್ರೆಯೇ ಬರ್ಲಿಕ್ಕಿಲ್ಲ" ಅಂತ ಅಮ್ಮಂದಿರು ಹೇಳುದುಂಟು, ಪಾಪ ಆ ಮಗು ತನ್ನ ಬೇಜಾರಿನ ಜೊತೆ ಅಮ್ಮನ ನಿದ್ರೆಯ ಚಿಂತೆಯನ್ನೂ ಹೊತ್ಕೊಂಡು ಬಸ್ಸು ಹತ್ತಬೇಕು. ಅಜ್ಜಿಯಂದಿರಿಗೂ ಒಂದು ವಿನಂತಿ, ಹುಲಿ ಕಥೆ ವಾಪಸ್ ಬಂದ ಮೇಲೆ ಹೇಳಿ.

ಒಂದು ತಿಂಗಳ ಮೊದಲು ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ದೊಡ್ಡಮ್ಮನ ಮನೆಯಲ್ಲೋ ಫ್ರೆಂಡ್ ಮನೆಯಲ್ಲೋ ಬಿಟ್ಟು ನೋಡಿ, ನೀವಿಲ್ಲದೆ, ಮಧ್ಯದಲ್ಲಿ ವಿಡಿಯೋ ಕಾಲ್ ಕೂಡ ಇಲ್ಲದೆ. ಬಕೆಟ್ಟಿನಲ್ಲಿ ಸ್ವತಃ ಸ್ನಾನ, ಕುಕ್ಕರುಗಾಲಲ್ಲಿ ಕೂರುವ ಟಾಯ್ಲೆಟ್, ಲೈಟ್ ಆರಿಸಿದ ಕೋಣೆ, ಫ್ಲಾಟಿನ ಮಕ್ಕಳಿಗೆ ಬಂಡೆಗಿಂತ ಇದೇ ದೊಡ್ಡ ಸಾಹಸ. ಕುಚ್ಚಲಕ್ಕಿ ಗಂಜಿಯೇ ಬೇಕು ಅನ್ನುವವರಿಗೆ ಘಟ್ಟದ ಮೇಲೆ ಬೆಳ್ತಿಗೆ, ಅಂದ್ರೆ ಬಿಳಿ ಅಕ್ಕಿ ಅನ್ನ ಸಿಕ್ಕಿ ಮುಖ ಸಣ್ಣದಾಗುದೂ ಉಂಟು. ಬ್ಯಾಗ್ ಮಗುವೇ ತುಂಬಿಸ್ಲಿ, ನೀವು ತುಂಬಿಸಿದ್ರೆ ಚಡ್ಡಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುದಿಲ್ಲ, ಮೂರು ದಿನ ಒಂದೇ ಚಡ್ಡಿಯಲ್ಲಿ ಬರ್ತದೆ.

ಹಾಸಿಗೆಯಲ್ಲಿ ಮೂತ್ರ ಹೋಗುವ ಅಭ್ಯಾಸ, ವ್ಹೀಜಿಂಗ್, ಇತ್ತೀಚೆಗೆ ಮನೆಯಲ್ಲಿ ಸಾವು ನೋವು, ಇದ್ರೆ ದಯವಿಟ್ಟು ಮುಚ್ಚಿಡ್ಬೇಡಿ, ಟೀಚರಿಗೆ ಒಬ್ಬರಿಗೇ ಹೇಳಿ ಸಾಕು. ಕೆಲವು ಮಕ್ಕಳಿಗೆ ಈ ವರ್ಷ ಬೇಡ, ಮುಂದಿನ ವರ್ಷ ಅಂತ ನಾವೇ ಹೇಳ್ತೇವೆ. ಮಗು ಊಟ ನಿದ್ರೆ ಬಿಟ್ರೆ, ಜ್ವರ ಬಂದ್ರೆ ನಾವೇ ನಿಮ್ಮನ್ನು ಕರಿಸ್ತೇವೆ, ಹಠ ಮಾಡಿ ಇಟ್ಟುಕೊಳ್ಳುದಿಲ್ಲ. ಅದನ್ನು ನಿರ್ಧಾರ ಮಾಡ್ಬೇಕಾದ್ದು ಹತ್ರ ಇರುವ ದೊಡ್ಡವರು, ಮೂರನೇ ಕ್ಲಾಸಿನ ಮಗು ಅಲ್ಲ.

ವಾಪಸ್ ಬಂದಾಗ ಬಸ್ಸಿನ ಬಾಗಿಲಲ್ಲೇ "ಅತ್ತಿದ್ಯಾ?" ಅಂತ ಕೇಳ್ಬೇಡಿ, ಮೊದಲು ಊಟ ಮಾಡಿಸಿ ಮಲಗಿಸಿ, ಕಥೆ ಎರಡು ದಿನ ಬಿಟ್ಟು ತಾನಾಗಿ ಬರ್ತದೆ. ಬ್ಯಾಗ್ ಅಂಗಳದಲ್ಲೇ ಬಿಚ್ಚಿ, ಬಟ್ಟೆ ಬಿಸಿ ನೀರಿಗೆ ಹಾಕಿ, ಕಿವಿ ಹಿಂದೆ, ಕಂಕುಳಲ್ಲಿ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿದೆಯಾ ನೋಡಿ. ಮಂಗನ ಕಾಯಿಲೆ ಹರಡುದು ಉಣುಗಿನಿಂದ, ಅದು ಜಾಸ್ತಿ ಕಾಣಿಸುದು ಡಿಸೆಂಬರಿನಿಂದ ಮೇವರೆಗೆ, ಸರಿಯಾಗಿ ಕ್ಯಾಂಪ್ ಸೀಸನಿನಲ್ಲೇ. ಹೆದರಿಸ್ಲಿಕ್ಕೆ ಹೇಳುದಲ್ಲ, ಕೇಸ್ ಬಂದ ಊರಿಗೆ ನಾವು ಮಕ್ಕಳನ್ನು ಕರ್ಕೊಂಡು ಹೋಗುದೇ ಇಲ್ಲ, ಆದ್ರೂ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದ್ರೆ ಕಾಡಿಗೆ ಹೋಗಿ ಬಂದ ವಿಷಯ ಡಾಕ್ಟರಿಗೆ ಮೊದಲೇ ಹೇಳಿಬಿಡಿ.