ಅಭ್ಯಂಗದ ಎಣ್ಣೆಗೆ ಸುಗಂಧತೈಲ ಎಷ್ಟು ಹನಿ?

ಪ್ರಶ್ನೆ: ಪ್ರತಿ ಭಾನುವಾರ ಎಣ್ಣೆಸ್ನಾನ ಮಾಡುವ ರೂಢಿ ಇಟ್ಟುಕೊಂಡಿದ್ದೇನೆ. ಈಚೆಗೆ ಲ್ಯಾವೆಂಡರ್, ನೀಲಗಿರಿ, ಶ್ರೀಗಂಧದ ಎಸೆನ್ಶಿಯಲ್ ಆಯಿಲ್‌ಗಳನ್ನು ತರಿಸಿಕೊಂಡೆ. ಎಳ್ಳೆಣ್ಣೆಯ ಬದಲು ಇವನ್ನೇ ಮೈಗೆ ಹಚ್ಚಿಕೊಳ್ಳಬಹುದೇ? ಬೆರೆಸುವುದಾದರೆ ಎಷ್ಟು ಹನಿ?

ಉತ್ತರ: ಬದಲಾಗಿ ಹಚ್ಚಿಕೊಳ್ಳಬೇಡಿ. ಬೆರೆಸಬಹುದು. 30 ಮಿಲಿಲೀಟರ್ ಎಳ್ಳೆಣ್ಣೆಗೆ 6 ಹನಿ ಸಾಕು. ಅದು ಶೇಕಡ 1ರ ಪ್ರಮಾಣ, ಏಕೆಂದರೆ ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಬರುತ್ತದೆ. ಆರೋಗ್ಯವಂತ ವಯಸ್ಕರು ಮೈಗೆ ಹಚ್ಚಿಕೊಳ್ಳುವಾಗ ಇದರ ಎರಡರಷ್ಟು, ಅಂದರೆ 12 ಹನಿಯವರೆಗೂ ಹೋಗಬಹುದು. ಅದಕ್ಕಿಂತ ಮುಂದೆ ಹೋಗುವ ಅಗತ್ಯ ನನಗೆ ಎಂದೂ ಕಂಡಿಲ್ಲ. ಮೂರು ಬಗೆಯನ್ನೂ ಬೆರೆಸುವುದಾದರೆ ಮೂರೂ ಸೇರಿಯೇ 6 ಹನಿ, ಒಂದೊಂದರದು ಆರಾರಲ್ಲ.

ಈ ಗೊಂದಲದ ಬೇರು ನಮ್ಮ ಮಾತಿನಲ್ಲೇ ಇದೆ. ಎಳ್ಳಿನ ನೆಯ್ ಎಂಬುದೇ 'ಎಣ್ಣೆ' ಆಯಿತು. ಸಂಸ್ಕೃತದ 'ತೈಲ'ವೂ ತಿಲದಿಂದ, ಅಂದರೆ ಎಳ್ಳಿನಿಂದಲೇ ಹುಟ್ಟಿದ ಪದ. ಜಿಡ್ಡು, ತೂಕ, ಚರ್ಮದ ಮೇಲೆ ನಿಂತು ಅದನ್ನು ಮೆದುಗೊಳಿಸುವ ಗುಣ ಇವೆಲ್ಲ ಆ ಹೆಸರಿನೊಳಗೇ ಇವೆ. ಲವಂಗದೆಣ್ಣೆ, ನೀಲಗಿರಿ ಎಣ್ಣೆ ಎಂದು ನಾವು ಕರೆಯುವ ದ್ರವಗಳು ಈ ಅರ್ಥದ ಎಣ್ಣೆಗಳಲ್ಲ. ಎಲೆ, ಮೊಗ್ಗು, ಚಕ್ಕೆಗಳ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನಿಂದ ಬೇರ್ಪಟ್ಟು ನಿಲ್ಲುವ ಪರಿಮಳದ ಸಾರ ಅದು. ಒಂದು ಹನಿ ನೀಲಗಿರಿ ಎಣ್ಣೆಯನ್ನೂ ಒಂದು ಹನಿ ಎಳ್ಳೆಣ್ಣೆಯನ್ನೂ ಕಾಗದದ ಮೇಲೆ ಹಾಕಿ ನೋಡಿ. ಮೊದಲನೆಯದು ಸ್ವಲ್ಪ ಹೊತ್ತಿನಲ್ಲಿ ಹಾರಿಹೋಗುತ್ತದೆ, ಎರಡನೆಯದರ ಕಲೆ ನಾಳೆಯೂ ಇರುತ್ತದೆ. ಅಭ್ಯಂಗಕ್ಕೆ ಬೇಕಾದದ್ದು ಆ ನಾಳೆಯವರೆಗೂ ಉಳಿಯುವ ಗುಣ.

ಆಯುರ್ವೇದದ ಔಷಧ ತೈಲಗಳನ್ನು ತಯಾರಿಸುವ ಕ್ರಮವನ್ನು ನೋಡಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. ಸಾಮಾನ್ಯ ಲೆಕ್ಕ ಹೀಗೆ: ಅರೆದ ಮೂಲಿಕೆಯ ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ಕಷಾಯ ಅಥವಾ ಹಾಲಿನಂಥ ದ್ರವ ಹದಿನಾರು ಪಾಲು. ನೀರಿನಂಶ ಪೂರ್ತಿ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು, ಬೆಂಕಿಗೆ ಒಡ್ಡಿದರೆ ಚಟಪಟ ಎನ್ನಬಾರದು. ಆಗ ಪಾಕ ಬಂದಂತೆ. ಕರ್ಪೂರದಂಥ ಪರಿಮಳದ ವಸ್ತುಗಳ ಸರದಿ ಕಟ್ಟಕಡೆಯದು. ಅವುಗಳನ್ನು ಪಾತ್ರೆಯಲ್ಲಿಟ್ಟು, ಸೋಸಿದ ಎಣ್ಣೆಯನ್ನು ಮೇಲೆ ಸುರಿಯುತ್ತಾರೆ. ಇದಕ್ಕೆ ಪಾತ್ರಪಾಕ ಎಂದು ಹೆಸರು. ಉರಿಯ ಮೇಲೆ ಹಾಕಿದರೆ ಪರಿಮಳವೆಲ್ಲ ಆವಿಯಾಗಿ ಹೋಗುತ್ತದೆ ಎಂಬುದು ಆ ಕೈಗಳಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಆರು ಹನಿಗಳ ಸ್ಥಾನವೂ ಅದೇ.

ಆದ್ದರಿಂದ ಮನೆಯಲ್ಲಿ ಹೀಗೆ ಮಾಡಿ. ಎಳ್ಳೆಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾಗಿಸಿ, ಒಲೆಯ ಮೇಲೆ ನೇರವಾಗಿ ಇಡಬೇಡಿ. ಮೊದಲು ಒಂದಿಷ್ಟು ಬರಿಯ ಎಣ್ಣೆಯನ್ನು ಬೇರೆ ತೆಗೆದಿಡಿ. ಬಟ್ಟಲನ್ನು ಹೊರಗೆ ತೆಗೆದು, ಮಣಿಕಟ್ಟಿನ ಮೇಲೆ ಹಿತವೆನಿಸುವಷ್ಟು ಬಿಸಿ ಇದ್ದಾಗ ಹನಿಗಳನ್ನು ಸೇರಿಸಿ ಚೆನ್ನಾಗಿ ಕಲಕಿ. ಅಭ್ಯಂಗದಲ್ಲಿ ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡಬೇಕು ಎಂದು ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದ ದಿನಚರಿ ಅಧ್ಯಾಯ ಹೇಳುತ್ತದೆ. ಕಿವಿ, ಮುಖ, ಕಣ್ಣಿನ ಸುತ್ತಣ ಭಾಗಕ್ಕೆ ತೆಗೆದಿಟ್ಟ ಆ ಬರಿಯ ಎಣ್ಣೆಯನ್ನೇ ಬಳಸಿ. ಪರಿಮಳ ಸೇರಿದ್ದು ಮೈಕೈಗೆ, ಪಾದಕ್ಕೆ. ಉದ್ದ ಮೂಳೆಗಳ ಮೇಲೆ ನೀಳವಾಗಿ, ಕೀಲುಗಳ ಮೇಲೆ ವೃತ್ತಾಕಾರವಾಗಿ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಸೀಗೆಪುಡಿಯೋ ಚಿಗರೆಪುಡಿಯೋ ಕಡಲೆಹಿಟ್ಟೋ ಹಾಕಿ ಬಿಸಿನೀರಿನಲ್ಲಿ ಮಿಂದರೆ ಆಯಿತು. ಬಚ್ಚಲಿನ ನೆಲ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ನಿಮ್ಮ ಸ್ನಾನವಾದ ಕೂಡಲೇ ನೆಲ ತಿಕ್ಕಿಬಿಡಿ. ಕಫ ಕಟ್ಟಿದ್ದಾಗ, ಅಜೀರ್ಣವಾದಾಗ ಅಭ್ಯಂಗ ಬೇಡ ಎಂಬ ಮಾತೂ ಅದೇ ಅಧ್ಯಾಯದಲ್ಲಿದೆ. ನೆಗಡಿಯಾದ ಭಾನುವಾರ ಎಣ್ಣೆಸ್ನಾನ ಬಿಡಲು ಹಿಂಜರಿಯಬೇಡಿ.

ಸ್ನಾನದ ಬಕೆಟ್ಟಿಗೆ ನೇರವಾಗಿ ಹನಿ ಹಾಕುವವರಿದ್ದಾರೆ. ಅದು ನೀರಿನಲ್ಲಿ ಕರಗುವುದಿಲ್ಲ, ಮೇಲೆ ತೇಲುತ್ತದೆ, ಮೊದಲ ಚೊಂಬಿನಲ್ಲೇ ಬೆರೆಯದ ಸಾರವಾಗಿ ಚರ್ಮಕ್ಕೆ ಅಂಟಿ ಉರಿಯುತ್ತದೆ. ಹೊಸ ಬಾಟಲಿ ತಂದಾಗಲೆಲ್ಲ ಎಳ್ಳೆಣ್ಣೆಯಲ್ಲಿ ಬೆರೆಸಿದ್ದನ್ನು ಮುಂಗೈಯ ಒಳಬದಿಗೆ ಸವರಿ ಎರಡು ದಿನ ಕಾದು ನೋಡಿ. ದಾಲ್ಚಿನ್ನಿ, ಲವಂಗ, ಮಜ್ಜಿಗೆಹುಲ್ಲಿನ ಸಾರಗಳು ಸುಲಭವಾಗಿ ಚರ್ಮ ಕೆರಳಿಸುತ್ತವೆ. ಸಿಪ್ಪೆ ಹಿಂಡಿ ತೆಗೆದ ನಿಂಬೆಯ ಸಾರ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗಬಹುದು.

ಲ್ಯಾವೆಂಡರ್ ವಾತಕ್ಕೆ, ಪುದೀನ ಪಿತ್ತಕ್ಕೆ, ಟೀ ಟ್ರೀ (ಚಹಾ ಗಿಡವಲ್ಲ, ಆಸ್ಟ್ರೇಲಿಯಾದ ಬೇರೊಂದು ಮರ) ಕಫಕ್ಕೆ ಎಂಬ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಇವು ವಾಸನೆಯ ತಂಪು, ಬಿಸಿಗಳನ್ನು ನೋಡಿ ಈ ಕಾಲದವರು ಮಾಡಿಕೊಂಡ ಹೊಂದಾಣಿಕೆ. ಆಯುರ್ವೇದದ ಮೂಲಗ್ರಂಥಗಳನ್ನು ಬರೆದ ಚರಕ, ಸುಶ್ರುತ, ವಾಗ್ಭಟರು ಲ್ಯಾವೆಂಡರ್ ಕಂಡವರಲ್ಲ. ನಮ್ಮದೇ ಎಂದು ನಾವು ನಂಬಿರುವ ನೀಲಗಿರಿ ಮರವೂ ಆಸ್ಟ್ರೇಲಿಯಾದ್ದು. 1790ರ ಸುಮಾರಿಗೆ ಟಿಪ್ಪುವಿನ ನಂದಿಬೆಟ್ಟದ ತೋಟಕ್ಕೆ ಬಂದು, ಆಮೇಲೆ ನೀಲಗಿರಿ ಬೆಟ್ಟಗಳನ್ನು ತುಂಬಿ, ಆ ಹೆಸರನ್ನೇ ಹೊತ್ತುಕೊಂಡಿತು. ಹಾಗೆಂದು ಬಳಸಬಾರದು ಎಂದಲ್ಲ. ಪರಿಮಳ ಇಷ್ಟವಾದರೆ ಬಳಸಿ, ಆದರೆ ವಾತ, ಪಿತ್ತ, ಕಫ ಎಂಬ ದೋಷಗಳ ಶಮನದ ಕೆಲಸವನ್ನು ಆ ಬಾಟಲಿಗೆ ವಹಿಸಬೇಡಿ. ಆ ಕೆಲಸ ಮಾಡುವುದು ಕೆಳಗಿರುವ ಎಣ್ಣೆ: ಒಣಚರ್ಮಕ್ಕೆ, ಚಳಿಗಾಲಕ್ಕೆ ಎಳ್ಳೆಣ್ಣೆ; ಮೈ ಉರಿಗೆ, ಬೇಸಗೆಗೆ ಕೊಬ್ಬರಿ ಎಣ್ಣೆ; ಜಡ ಮೈಗೆ ಎಣ್ಣೆಗಿಂತ ಉದ್ವರ್ತನವೇ, ಅಂದರೆ ಒಣಪುಡಿಯಿಂದ ಮೈ ತಿಕ್ಕುವುದೇ ಲೇಸು.

ನಮ್ಮ ನೆಲದ ಪರಿಮಳಗಳೂ ಕಡಿಮೆಯೇನಲ್ಲ. ಮಾಲೆಯಲ್ಲಿ ಮರುಗದ ಜೊತೆ ಕಟ್ಟುವ ದವನದಿಂದ ತೆಗೆದ ಸಾರಕ್ಕೆ ಪರದೇಶಗಳ ಅತ್ತರು ತಯಾರಕರಲ್ಲಿ ಬೇಡಿಕೆಯಿದೆ, ಅದರ ಬೆಳೆ ಹೆಚ್ಚಾಗಿ ಕರ್ನಾಟಕ ಮತ್ತು ಸುತ್ತಲಿನ ರಾಜ್ಯಗಳದ್ದೇ. ಲಾವಂಚದ ಸಾರ ಬೇಸಗೆಯ ಕೊಬ್ಬರಿ ಎಣ್ಣೆಗೆ ಹೇಳಿ ಮಾಡಿಸಿದಂತಿದೆ. ಶ್ರೀಗಂಧದ ಕಥೆಯಂತೂ ಗೊತ್ತೇ ಇದೆ: ಮೊದಲ ಮಹಾಯುದ್ಧದಿಂದ ಯುರೋಪಿಗೆ ಕೊರಡು ಸಾಗಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1916ರಲ್ಲಿ ಮೈಸೂರು ಸಂಸ್ಥಾನವೇ ಗಂಧದೆಣ್ಣೆ ತೆಗೆಯಲು ಮುಂದಾಯಿತು. ಅಪ್ಪಟ ಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟಿದೆ. ಅಂದರೆ 10 ಮಿಲಿಲೀಟರಿನ ಬಾಟಲಿಯನ್ನು 150 ರೂಪಾಯಿಗೆ ಕೊಡುತ್ತಿದ್ದರೆ ಅದರೊಳಗಿರುವುದು ಶುದ್ಧ ಶ್ರೀಗಂಧವಲ್ಲ. ಸ್ಯಾಂಟಲಮ್ ಆಲ್ಬಮ್ ಎಂಬ ಸಸ್ಯನಾಮ ಲೇಬಲ್ಲಿನ ಮೇಲಿದೆಯೇ ನೋಡಿ. 'ಫ್ರೇಗ್ರೆನ್ಸ್ ಆಯಿಲ್', ಅಂದರೆ ಕೃತಕ ಪರಿಮಳದ ಎಣ್ಣೆ, ಎಂದಿದ್ದರೆ ಅದನ್ನು ಮೈಗೆ ಹಚ್ಚಬೇಡಿ.

ಇನ್ನು ನಾನು ಕೈಮುಗಿದು ಕೇಳಿಕೊಳ್ಳುವ ಒಂದು ವಿಷಯ. ಶೀತವಾಯಿತೆಂದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಸುಗೂಸಿನ ಎದೆಗೂ ಮೂಗಿನ ಬಳಿಗೂ ಸವರುವ ರೂಢಿ ಇಂದಿಗೂ ಅನೇಕ ಮನೆಗಳಲ್ಲಿದೆ. ಕರ್ಪೂರ ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಗೆ ಇಳಿಯುತ್ತದೆ, ಎಳೆಯ ಮಕ್ಕಳಲ್ಲಿ ಫಿಟ್ಸ್ ತರಿಸಬಲ್ಲದು. ಪ್ರೀತಿಯಿಂದ ಮಾಡುವ ಕೆಲಸವೆಂದೇ ಇದನ್ನು ಬಿಡಿಸುವುದು ಕಷ್ಟ. ಮಗುವಿಗೆ ಬೆಚ್ಚಗಿನ ಬರಿಯ ಕೊಬ್ಬರಿ ಎಣ್ಣೆ ಸಾಕು. ಎರಡು ವರ್ಷದೊಳಗಿನವರಿಗೆ ಕರ್ಪೂರ, ನೀಲಗಿರಿ, ಪುದೀನ ಸತ್ವ ಯಾವುದೂ ಬೇಡ. ನೀಲಗಿರಿ ಎಣ್ಣೆ ಒಂದು ಚಮಚದಷ್ಟು ಹೊಟ್ಟೆಗೆ ಹೋದರೂ ಪುಟ್ಟ ಮಕ್ಕಳು ಪ್ರಜ್ಞೆ ತಪ್ಪಬಹುದು. ಊಟಿ ಪ್ರವಾಸದಿಂದ ಮೊಣಕಾಲು ನೋವಿಗೆಂದು ತರುವ ವಿಂಟರ್‌ಗ್ರೀನ್ ಎಣ್ಣೆ ಇನ್ನೂ ತೀಕ್ಷ್ಣ: ಅದರ 5 ಮಿಲಿಲೀಟರಿನಲ್ಲಿ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮನಾದ ಅಂಶವಿದೆ, ಅಂದರೆ ಇಪ್ಪತ್ತಕ್ಕೂ ಹೆಚ್ಚು ಮಾತ್ರೆಗಳಷ್ಟು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಯಾವ ಸಾರವನ್ನೇ ಆಗಲಿ ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ಗರ್ಭಿಣಿಯರು, ಆಸ್ತಮಾ ಅಥವಾ ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ. ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ಎಣ್ಣೆಯನ್ನು ಒಳಗೇ ತರಬೇಡಿ, ಅದನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ.

ಬಾಟಲಿಗಳನ್ನು ಕತ್ತಲೆಯ ತಂಪು ಜಾಗದಲ್ಲಿಡಿ. ಗಾಳಿ, ಬೆಳಕಿಗೆ ಹಳತಾದ ಲ್ಯಾವೆಂಡರ್ ಅಲರ್ಜಿ ತರುವುದು ಹೆಚ್ಚು. ವರ್ಷ ಮೀರಿ, ವಾಸನೆ ಬದಲಾದದ್ದನ್ನು ಮೈಗೆ ಬಳಸದೆ ನೆಲ ಒರೆಸುವ ನೀರಿಗೆ ಹಾಕಿ.

ಬಾಟಲಿಯೇ ಬೇಡ, ಆದರೂ ಎಣ್ಣೆ ಘಮಘಮ ಎನ್ನಬೇಕು ಎನ್ನುವವರಿಗೆ ಉತ್ತರ ಪ್ರದೇಶದ ಅತ್ತರಿನ ಊರಾದ ಕನ್ನೌಜಿನ ಕಡೆಯ ಹಳೆಯ ದಾರಿಯೊಂದಿದೆ. ಮಲ್ಲಿಗೆ ಹಬೆಯ ಬಿಸಿ ತಾಳದ ಹೂವು, ಅದಕ್ಕೆಂದೇ ಅವರು ಎಳ್ಳಿಗೇ ಮಲ್ಲಿಗೆ ಮುಡಿಸುತ್ತಾರೆ. ಸಿಪ್ಪೆ ತೆಗೆದ ಎಳ್ಳು ಒಂದು ಪದರ, ಮಲ್ಲಿಗೆ ಒಂದು ಪದರ ಹರಡಿ ರಾತ್ರಿಯಿಡೀ ಬಿಟ್ಟು, ಬಾಡಿದ ಹೂವನ್ನು ಆರಿಸಿ ತೆಗೆದು ಹೊಸದನ್ನು ಹಾಸುತ್ತಾರೆ. ಹೀಗೆ ಹಲವು ದಿನ ನಡೆದ ಮೇಲೆ ಎಳ್ಳು ಗಾಣಕ್ಕೆ ಹೋಗುತ್ತದೆ. ಹೂವಿನ ಪರಿಮಳವೆಲ್ಲ ಎಳ್ಳಿನ ಜಿಡ್ಡಿನಲ್ಲಿ ಆಗಲೇ ಇಳಿದಿರುತ್ತದೆ. ಮೈಸೂರು ಮಲ್ಲಿಗೆಯೂ ಮರದ ಗಾಣವೂ ಹತ್ತಿರದಲ್ಲಿರುವ ನಮಗೆ ಇದೇನು ದೂರದ ಮಾತಲ್ಲ. ನೀರು ಚಿಮುಕಿಸಿದ ಹೂವು ಬೇಡ, ಎಳ್ಳಿಗೆ ಬೂಷ್ಟು ಹಿಡಿಯುತ್ತದೆ. ಒಂದೆರಡು ಸೇರು ಎಳ್ಳಿಗೆ ಗಾಣ ತಿರುಗಿಸಲು ಯಾರೂ ಒಪ್ಪುವುದಿಲ್ಲ, ಆದ್ದರಿಂದ ನಾಲ್ಕು ಮನೆಯವರು ಸೇರಿ, ಹೂವು ಅಗ್ಗವಾಗುವ ಬೇಸಗೆಯಲ್ಲಿ ಮಾಡಿ.